ಮೂರು ಸ್ವರಗಳು, ನಾಲ್ವರು ಕರ್ತೃಗಳು

ಕೃತಿಯೊಂದು ಕಣ್ಣಿಗೆ ಬಿದ್ದೊಡನೆ ನಾವು ಕೇಳುವ ಮೊದಲನೆಯ ಪ್ರಶ್ನೆ, ಇದರ ಕರ್ತೃ ಯಾರು ಎಂಬುದು. ಕೀರ್ತನೆಯಾದರೆ ಅಂಕಿತವನ್ನು ಹುಡುಕುತ್ತೇವೆ. ಕಾವ್ಯವಾದರೆ ಆಶ್ವಾಸಾಂತ್ಯದ ಗದ್ಯವನ್ನು ನೋಡುತ್ತೇವೆ. ಎಲ್ಲಿಯೂ ಹೆಸರು ಸಿಕ್ಕದಿದ್ದರೆ ಪಂಡಿತರು ವಾದಕ್ಕೆ ನಿಲ್ಲುತ್ತಾರೆ. ಒಡೆಯನೊಬ್ಬನು ದೊರೆತ ಮೇಲೆಯೇ ನಮ್ಮ ವಿಮರ್ಶೆಗೆ ನೆಮ್ಮದಿ. ಈ ಅಭ್ಯಾಸದಿಂದ ಸಾಹಿತ್ಯಕ್ಕೆ ಆಗಿರುವ ಉಪಕಾರ ದೊಡ್ಡದು. ಅದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಆದರೆ ಈ ಪ್ರಶ್ನೆಗೆ ನೇರವಾದ ಉತ್ತರವನ್ನು ಕೊಡದ ಕೃತಿಗಳೂ ಲೋಕದಲ್ಲಿವೆ. ಅಂಥದೊಂದನ್ನು ಇಲ್ಲಿ ಪರೀಕ್ಷಿಸಬೇಕೆಂದಿದ್ದೇವೆ. ಅದು ಇಂಗ್ಲೆಂಡಿನ ಒಂದು ಹಾಡು. ಕಾರ್ಖಾನೆಗಳ ಕೇರಿಯಲ್ಲಿ ಬೆಳೆದ ನಾಲ್ವರು ಹುಡುಗರು ೧೯೬೯ರಲ್ಲಿ ಕಟ್ಟಿದ್ದು. ಅದರ ಹೆಸರು ‘ಬ್ಲ್ಯಾಕ್ ಸ್ಯಾಬತ್’. ಆ ಹಾಡಿನ ಹೆಸರೇ ಅವರ ತಂಡದ ಹೆಸರೂ ಆಯಿತು.

ಇಂಥ ವಿಷಯ ಈ ಪತ್ರಿಕೆಗೆ ಏತಕ್ಕೆ ಎಂದು ಕೆಲವರು ಕೇಳಬಹುದು. ಹೆವಿ ರಾಕ್ ಎಂದೂ ಹೆವಿ ಮೆಟಲ್ ಎಂದೂ ಕರೆಯುವ ಈ ಬಗೆಯ ಗಾನವು ನಮ್ಮ ಮನೆಗಳಿಂದ ದೂರದ ವಸ್ತುವಾಗಿ ಉಳಿದಿಲ್ಲ. ೨೦೦೭ರಲ್ಲಿ ಐರನ್ ಮೇಡನ್ ಎಂಬ ತಂಡವೂ ೨೦೧೧ರಲ್ಲಿ ಮೆಟಾಲಿಕಾ ಎಂಬ ತಂಡವೂ ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿದುವು. ಅಂದು ಅಲ್ಲಿ ನೆರೆದಿದ್ದ ತರುಣರಲ್ಲಿ ನಮ್ಮ ಜಿಲ್ಲೆಗಳಿಂದ ಓದಲು ಹೋದವರೂ ಇದ್ದರು. ಆ ತಂಡಗಳವರೆಲ್ಲ ತಮ್ಮ ಮೂಲಪುರುಷರೆಂದು ನೆನೆಯುವುದು ಈ ನಾಲ್ವರನ್ನೇ. ಮಗನ ಕೋಣೆಯಿಂದ ಈ ಸದ್ದು ಕೇಳಿಬಂದಾಗ “ಇದೇನು ಗದ್ದಲ!” ಎಂದು ಬಾಗಿಲು ಹಾಕಿಬಿಡುವುದು ಸುಲಭ. ವಿಮರ್ಶೆಯು ಆ ಸುಲಭದ ದಾರಿಯನ್ನು ಹಿಡಿಯಲಾಗದು. ಗದ್ದಲವಾದರೆ ಏತಕ್ಕೆ ಗದ್ದಲವೆಂಬುದನ್ನು ತೋರಿಸಬೇಕು. ಗಾನವಾದರೆ ಎಲ್ಲಿ ಗಾನವೆಂಬುದನ್ನು ತೋರಿಸಬೇಕು.

ಮೊದಲು ಆ ನಾಲ್ವರ ಪರಿಚಯವಾಗಲಿ. ಗಿಟಾರು ನುಡಿಸುವ ಟೋನಿ ಐಯೋಮಿ, ಮಂದ್ರಸ್ವರದ ಬಾಸ್ ಗಿಟಾರು ನುಡಿಸುವ ಗೀಜರ್ ಬಟ್ಲರ್, ಡ್ರಮ್ಮು ಬಾರಿಸುವ ಬಿಲ್ ವಾರ್ಡ್, ಹಾಡುವ ಆಜಿ ಆಸ್ಬೋರ್ನ್. ನಾಲ್ವರೂ ೧೯೪೮ ಮತ್ತು ೧೯೪೯ರಲ್ಲಿ ಹುಟ್ಟಿ, ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಬಡಾವಣೆಯ ಕಡೆಯಲ್ಲಿ ಬೆಳೆದವರು. ದುಡಿಮೆಗಾರರ ಮನೆಯ ಮಕ್ಕಳು. ಆಸ್ಬೋರ್ನನು ಕಸಾಯಿಖಾನೆಯಲ್ಲಿ ಕೆಲಸಮಾಡಿದ್ದನು. ಮೋಟಾರು ಗಾಡಿಗಳ ಹಾರನ್ನುಗಳನ್ನು ಶ್ರುತಿಮಾಡುವ ಕೆಲಸವನ್ನೂ ಮಾಡಿದ್ದನು. ಬಟ್ಲರನು ಕಾರ್ಖಾನೆಯೊಂದರ ಕಛೇರಿಯಲ್ಲಿ ಲೆಕ್ಕ ಬರೆಯುತ್ತಿದ್ದನು. ಇವರಲ್ಲಿ ಯಾರೊಬ್ಬರೂ ಸಂಗೀತಶಾಲೆಯಲ್ಲಿ ಕಲಿತವರಲ್ಲ.

ಐಯೋಮಿಯ ಕಥೆ ವಿಶೇಷವಾದುದು. ಆತನು ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದನು. ವಾದ್ಯವನ್ನೇ ವೃತ್ತಿಮಾಡಿಕೊಳ್ಳುವೆನೆಂದು ಕೆಲಸವನ್ನು ಬಿಟ್ಟ ಕಡೆಯ ದಿನ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವನು ಮತ್ತೆ ಹೋಗಲೊಲ್ಲೆನೆಂದನಂತೆ. ಹಿಡಿದ ಕೆಲಸವನ್ನು ಸರಿಯಾಗಿ ಮುಗಿಸಿ ಬಾರೆಂದು ತಾಯಿ ಕಳುಹಿಸಿದಳಂತೆ. ಆ ಮಧ್ಯಾಹ್ನವೇ ಯಂತ್ರಕ್ಕೆ ಕೈ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿಗಳು ಹೋದುವು. ಆಗ ಅವನಿಗೆ ಹದಿನೇಳು ವರ್ಷ. ಎಡಚನಾದುದರಿಂದ ತಂತಿಯನ್ನೊತ್ತಿ ಸ್ವರಸ್ಥಾನವನ್ನು ಹಿಡಿಯುವ ಕೈ ಅದೇ. ಇನ್ನು ವಾದ್ಯವಿಲ್ಲವೆಂದು ಕುಳಿತವನಿಗೆ ಕಾರ್ಖಾನೆಯ ಮೇಸ್ತ್ರಿಯು ಜ್ಯಾಂಗೋ ರೈನ್‌ಹಾರ್ಟ್ ಎಂಬ ವಾದಕನ ಧ್ವನಿಮುದ್ರಿಕೆಯೊಂದನ್ನು ಕೇಳಿಸಿದನು. ೧೯೨೮ರಲ್ಲಿ ಬೆಂಕಿಯಲ್ಲಿ ಕೈ ಸುಟ್ಟು, ಎರಡು ಬೆರಳುಗಳ ಬಲ ಹೋಗಿ, ಉಳಿದ ಬೆರಳುಗಳಿಂದಲೇ ಮಹಾವಾದಕನೆನಿಸಿದವನು ಆ ರೈನ್‌ಹಾರ್ಟ್. ಐಯೋಮಿಯು ಪಾತ್ರೆ ತೊಳೆಯುವ ದ್ರವದ ಪ್ಲಾಸ್ಟಿಕ್ ಸೀಸೆಯನ್ನು ಕರಗಿಸಿ ಬೆರಳಿಗೆ ಟೋಪಿಗಳನ್ನು ಮಾಡಿಕೊಂಡು, ಅವಕ್ಕೆ ತೊಗಲನ್ನು ಹೊದಿಸಿದನು. ನೋವಾಗದಿರಲೆಂದು ಬ್ಯಾಂಜೋ ವಾದ್ಯದ ತೆಳುತಂತಿಗಳನ್ನು ಗಿಟಾರಿಗೆ ಬಿಗಿದನು. ತುಂಬು ಸ್ವರಮೇಳಗಳನ್ನು ಹಿಡಿಯುವುದು ಕಷ್ಟವಾದ ಕಡೆಗಳಲ್ಲಿ ಷಡ್ಜ ಪಂಚಮಗಳನ್ನಷ್ಟೇ ಕೂಡಿಸಿ ಗಟ್ಟಿಯಾಗಿ ನುಡಿಸುವುದನ್ನು ರೂಢಿಸಿಕೊಂಡನು. ಈ ತಂಡದ ನಾದದ ಭಾರಕ್ಕೆ ಇದೊಂದು ಕಾರಣ. ತಂತಿಗಳನ್ನು ಸಡಿಲಿಸಿ ಶ್ರುತಿಯನ್ನು ತಗ್ಗಿಸಿದ್ದೇ ಕಾರಣವೆಂದು ಹಲವರು ಹೇಳುವುದುಂಟು. ಆದರೆ ಅದು ೧೯೭೧ರ ಮೂರನೆಯ ಸಂಪುಟದಲ್ಲಿ ಬಂದದ್ದು. ನಮ್ಮ ಹಾಡು ಅದಕ್ಕಿಂತ ಹಿಂದಿನದು.

ಇನ್ನು ಹಾಡು ಹುಟ್ಟಿದ ಬಗೆ. ಅವರೇ ಮುಂದೆ ಹಲವು ಬಾರಿ ಹೇಳಿಕೊಂಡಿರುವ ವೃತ್ತಾಂತ ಹೀಗಿದೆ. ಬಟ್ಲರನು ಆಂಗ್ಲ ವಾಗ್ಗೇಯಕಾರ ಗುಸ್ತಾವ್ ಹೋಲ್ಸ್ಟನ ‘ಗ್ರಹಗಳು’ ಎಂಬ ವಾದ್ಯವೃಂದ ಕೃತಿಯನ್ನು ಮೆಚ್ಚಿದವನು. ಅದರ ಮೊದಲ ಖಂಡ, ೧೯೧೪ರಲ್ಲಿ ರಚಿತವಾದದ್ದು, ಯುದ್ಧವನ್ನು ತರುವ ಕುಜನನ್ನು ಕುರಿತದ್ದು. ಅಭ್ಯಾಸದ ಕೋಣೆಯಲ್ಲಿ ಬಟ್ಲರನು ತನ್ನ ವಾದ್ಯದ ಮೇಲೆ ಆ ಕುಜನ ಸ್ವರಗಳನ್ನು ತಡವರಿಸಿ ನುಡಿಸುತ್ತಿದ್ದನು. ಅದನ್ನು ಕೇಳಿದ್ದ ಐಯೋಮಿಯು ಮರುದಿನ ಮೂರು ಸ್ವರಗಳ ಒಂದು ಸಾಲನ್ನು ನುಡಿಸಿದನು. ಹೀಗೆ ಮತ್ತೆ ಮತ್ತೆ ಮರಳಿ ಬಂದು ಹಾಡನ್ನು ಹೊತ್ತು ನಿಲ್ಲುವ ಕಿರುಸಾಲಿಗೆ ಅವರಲ್ಲಿ ರಿಫ್ ಎಂದು ಹೆಸರು.

ಮಾತಿನ ಕಥೆಯೂ ಇಂಥದೇ. ಬಟ್ಲರನು ಐರಿಷ್ ಕ್ಯಾಥೊಲಿಕ್ ಮನೆತನದವನು. ತಾರುಣ್ಯದ ಕುತೂಹಲದಿಂದ ಮಾಟಮಂತ್ರಗಳ ಕಡೆಗೆ ಮನಸ್ಸು ಹರಿದು, ಕೋಣೆಯ ಗೋಡೆಗಳಿಗೆ ಕಪ್ಪು ಬಣ್ಣ ಬಳಿದಿದ್ದನು. ಆಸ್ಬೋರ್ನನು ಅವನಿಗೆ ಮಾಟವಿದ್ಯೆಯ ಹಳೆಯ ಪುಸ್ತಕವೊಂದನ್ನು ತಂದುಕೊಟ್ಟನು. ಒಂದು ರಾತ್ರಿ ಬಟ್ಲರನಿಗೆ ಎಚ್ಚರವಾದಾಗ ಹಾಸಿಗೆಯ ಕಾಲ್ದೆಸೆಯಲ್ಲಿ ಕರಿಯ ಆಕೃತಿಯೊಂದು ತನ್ನನ್ನೇ ನೋಡುತ್ತ ನಿಂತಂತೆ ತೋರಿತಂತೆ. ಎದ್ದು ನೋಡಿದರೆ ಪುಸ್ತಕ ಇಟ್ಟ ಜಾಗದಲ್ಲಿ ಇರಲಿಲ್ಲವಂತೆ. ಅವನು ಇದನ್ನು ಆಸ್ಬೋರ್ನನಿಗೆ ಹೇಳಿದನು. ಮೂರು ಸ್ವರಗಳ ಸಾಲು ಮೊಳಗಿದಾಗ ಆಸ್ಬೋರ್ನನ ಬಾಯಿಂದ ಆ ಕಥೆಯೇ ಹಾಡಾಗಿ ಹೊರಟಿತು. ಈ ತಂಡದ ಹಾಡುಗಳಿಗೆ ಸಾಮಾನ್ಯವಾಗಿ ಮಾತುಗಳನ್ನು ಬರೆದವನು ಬಟ್ಲರನೆಂಬುದನ್ನು ನೆನೆದರೆ ಇದು ಗಮನಿಸತಕ್ಕ ಅಪವಾದ. ಇನ್ನು ಹೆಸರೋ, ೧೯೬೩ರಲ್ಲಿ ಮಾರಿಯೋ ಬಾವಾ ತೆಗೆದ ಭಯಾನಕ ಚಲನಚಿತ್ರವೊಂದರ ಹೆಸರು. ಅಭ್ಯಾಸದ ಕೋಣೆಯ ಎದುರಿನ ಚಿತ್ರಮಂದಿರದಲ್ಲಿ ಆ ಚಿತ್ರ ನಡೆಯುತ್ತಿತ್ತಂತೆ. ಹೆದರುವುದಕ್ಕಾಗಿ ಜನ ದುಡ್ಡು ಕೊಡುತ್ತಾರಲ್ಲಾ ಎಂದು ಇವರಿಗೆ ಸೋಜಿಗವಾಯಿತು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಈ ಹಾಡಿನ ಕರ್ತೃ ಯಾರು? ಕೇಳಿ ಮೆಚ್ಚಿದವನೊಬ್ಬ, ನುಡಿಸಿದವನು ಮತ್ತೊಬ್ಬ. ಕಂಡು ಹೆದರಿದವನೊಬ್ಬ, ಹಾಡಿದವನು ಇನ್ನೊಬ್ಬ. ಹೋಲ್ಸ್ಟನನ್ನು ಕೇಳಿದ ಬಟ್ಲರನು ತಾನೇ ರಿಫ್ಪನ್ನು ಕಟ್ಟಿದ್ದರೆ ಅದು ಹೋಲ್ಸ್ಟನ ಅನುಕರಣವಾಗುತ್ತಿತ್ತೆಂದು ನಮಗೆ ತೋರುತ್ತದೆ. ಕರಿಯ ಆಕೃತಿಯನ್ನು ಕಂಡವನೇ ಮಾತು ಕಟ್ಟಿದ್ದರೆ ಅದು ವಿವರಗಳ ವರದಿಯಾಗುವ ಅಪಾಯವಿತ್ತು. ಒಬ್ಬನ ಅನುಭವವು ಇನ್ನೊಬ್ಬನ ಕಿವಿಯ ಮೂಲಕ ಹಾದು ಬಂದುದರಿಂದ ಜಳ್ಳು ಉದುರಿ ಕಾಳು ಉಳಿಯಿತು. ಮುದ್ರಿತ ಫಲಕದ ಮೇಲೆ ನಾಲ್ವರ ಹೆಸರುಗಳೂ ಕರ್ತೃಗಳಾಗಿ ಒಟ್ಟಿಗೆ ಬಂದಿವೆ. ಅದು ಬರಿಯ ಸ್ನೇಹದ ಔದಾರ್ಯವಲ್ಲ. ನಡೆದ ಸಂಗತಿಯ ನಿಜವಾದ ನಿರೂಪಣೆ.

ಆ ಮೂರು ಸ್ವರಗಳನ್ನು ನಮ್ಮ ಸಂಗೀತದ ಮಾತಿನಲ್ಲಿಯೇ ಹೇಳಬಹುದು: ಷಡ್ಜ, ತಾರಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಷಡ್ಜಕ್ಕೂ ಪ್ರತಿಮಧ್ಯಮಕ್ಕೂ ಇರುವ ಈ ಅಂತರವನ್ನು ಐರೋಪ್ಯರು ಪಿಶಾಚಸ್ವರವೆಂದು ಕರೆಯುವುದುಂಟು. ಮಧ್ಯಯುಗದ ಚರ್ಚು ಇದನ್ನು ನಿಷೇಧಿಸಿತ್ತೆಂದೂ, ಅದರಿಂದಲೇ ಈ ಹಾಡು ಭಯವನ್ನು ಹುಟ್ಟಿಸುವುದೆಂದೂ ಬರೆಯುವವರಿದ್ದಾರೆ. ನಿಷೇಧದ ಮಾತಿಗೆ ಆಧಾರವಿಲ್ಲ. ಪಿಶಾಚದ ಹೆಸರು ಲಕ್ಷಣಗ್ರಂಥಗಳಲ್ಲಿ ಕಾಣಿಸಿಕೊಂಡದ್ದು ೧೮ನೆಯ ಶತಮಾನದ ಆದಿಯಲ್ಲಿ. ಅದಕ್ಕಿಂತ ದೊಡ್ಡ ಆಕ್ಷೇಪವನ್ನು ನಮ್ಮ ವಾಚಕರೇ ಎತ್ತಬಲ್ಲರು. ೭೨ ಮೇಳಕರ್ತರಾಗಗಳಲ್ಲಿ ೩೬ರಲ್ಲಿ ಪ್ರತಿಮಧ್ಯಮವಿದೆ. ಕಲ್ಯಾಣಿಯಲ್ಲಿರುವುದು ಇದೇ ಮಧ್ಯಮ. ಅದನ್ನು ಕೇಳಿ ಯಾವ ಮಗುವೂ ಬೆಚ್ಚಿಬಿದ್ದುದಿಲ್ಲ. ಆದುದರಿಂದ ಭಯವು ಸ್ವರದಲ್ಲಿಲ್ಲ. ಸ್ವರವನ್ನು ಇಟ್ಟ ಬಗೆಯಲ್ಲಿದೆ.

ಹಾಗಾದರೆ ಇಟ್ಟ ಬಗೆ ಯಾವುದು? ಹೋಲ್ಸ್ಟನ ಕುಜನಲ್ಲಿ ಸಾಲು ಷಡ್ಜದಿಂದ ಪಂಚಮಕ್ಕೇರಿ ಪ್ರತಿಮಧ್ಯಮಕ್ಕೆ ಜಾರುತ್ತದೆ. ಪಂಚಮವೆಂಬ ನೆಲೆಯನ್ನು ತೋರಿಸಿ ಅದರಿಂದ ಕೆಳಕ್ಕೆ ತಳ್ಳುವುದು ಅಲ್ಲಿಯ ತಂತ್ರ. ಐಯೋಮಿಯು ಆ ಮೆಟ್ಟಿಲನ್ನೇ ಕಿತ್ತುಹಾಕಿದನು. ಗಿಟಾರಿನ ಮೊದಲ ಮೊಳಗಿನಲ್ಲಿ ಷಡ್ಜದೊಡನೆ ಪಂಚಮವೂ ಕಲೆತು ಕೇಳುವುದಾದರೂ, ಸಾಲಿನಲ್ಲಿ ಕಾಲೂರಿ ನಿಲ್ಲತಕ್ಕ ಸ್ವರವಾಗಿ ಅದು ಬರುವುದೇ ಇಲ್ಲ. ಪಂಚಮವನ್ನು ಬಿಟ್ಟ ಮಾತ್ರಕ್ಕೆ ಭಯ ಬರುವುದೇ ಎಂದರೆ ಅದೂ ಇಲ್ಲ; ಹಂಸಾನಂದಿಯಲ್ಲಿ ಪ್ರತಿಮಧ್ಯಮವಿದೆ, ಪಂಚಮವಿಲ್ಲ, ಆದರೂ ಅಲ್ಲಿ ಉಂಟಾಗುವುದು ಆರ್ತವಾದ ಭಕ್ತಿ. ಅಲ್ಲಿ ರಿಷಭ, ಗಾಂಧಾರ, ದೈವತ, ನಿಷಾದಗಳು ಸುತ್ತಲೂ ನಿಂತು ಆ ಮಧ್ಯಮಕ್ಕೊಂದು ಮನೆಯನ್ನು ಕಟ್ಟಿಕೊಡುತ್ತವೆ. ಇಲ್ಲಿ ಸುತ್ತ ಯಾರೂ ಇಲ್ಲ. ಎರಡು ಷಡ್ಜಗಳ ನಡುವಣ ಬಯಲಿನಲ್ಲಿ, ಎರಡಕ್ಕೂ ಸಮದೂರದಲ್ಲಿ, ಪ್ರತಿಮಧ್ಯಮವೊಂದೇ ನಡುಗುತ್ತ ನಿಲ್ಲುತ್ತದೆ. ಮುಂದಕ್ಕೆ ಹೋಗಲು ದಾರಿಯಿಲ್ಲ, ಹಿಂದಕ್ಕೆ ಬರಲು ಹೊತ್ತಿಲ್ಲ; ಅಷ್ಟರಲ್ಲಿ ಮೊದಲನೆಯ ಷಡ್ಜವು ಮತ್ತೆ ಮೊಳಗುತ್ತದೆ. ಹೋಲ್ಸ್ಟನದು ಯುದ್ಧದ ನಡಿಗೆ, ಐದು ಮಾತ್ರೆಗಳಲ್ಲಿ ಮುನ್ನುಗ್ಗುವುದು. ಇಲ್ಲಿ ನಡಿಗೆಯೇ ನಿಂತಿದೆ. ಹಾಸಿಗೆಯ ಕಾಲ್ದೆಸೆಯಲ್ಲಿ ಆಕೃತಿಯನ್ನು ಕಂಡವನು ಓಡಲಾರದೆ ಬಿದ್ದಿರುವ ಸ್ಥಿತಿಗೆ ಇದಕ್ಕಿಂತ ಉಚಿತವಾದ ಲಯವನ್ನು ಊಹಿಸುವುದು ಕಷ್ಟ.

ಈ ಔಚಿತ್ಯವನ್ನು ಕಾಪಾಡಿದವರಲ್ಲಿ ವಾರ್ಡನ ಹೆಸರನ್ನು ಮರೆಯಬಾರದು. ಆತನು ಜ್ಯಾಝ್ ವಾದಕರನ್ನು ಕೇಳಿ ಬೆಳೆದವನು; ಜೀನ್ ಕ್ರೂಪ, ಬಡ್ಡಿ ರಿಚ್ ಮೊದಲಾದವರ ಕೈಚಳಕಕ್ಕೆ ಮಾರುಹೋದವನು. ಇಷ್ಟು ನಿಧಾನವಾದ ಹಾಡಿನಲ್ಲಿ ಅಂಥವನು ಏನು ಮಾಡಬೇಕು? ಬಿಡದೆ ತಾಳವನ್ನು ಹಾಕುತ್ತಿದ್ದರೆ ಕೇಳುವವನಿಗೆ ಎಣಿಸಿಕೊಳ್ಳಲು ಲೆಕ್ಕ ಸಿಕ್ಕಿ ಭಯ ತಗ್ಗುತ್ತಿತ್ತು. ಅವನು ಸ್ವರದ ನಡುವಣ ಖಾಲಿಯಲ್ಲಿ ಮಾತ್ರ ದೊಡ್ಡ ಡ್ರಮ್ಮುಗಳನ್ನು ಉರುಳಿಸಿ ಸುಮ್ಮನಾಗುತ್ತಾನೆ. ಹಾಡುವ ಭಾಗ ಬಂದಾಗ ಮೂವರೂ ದನಿಯನ್ನು ತಗ್ಗಿಸುತ್ತಾರೆ. ಅದೇ ಮೂರು ಸ್ವರಗಳು ಈಗ ಪಿಸುಮಾತಿನಂತೆ ಕೇಳುತ್ತವೆ. ಮಾತು ಮುಗಿದೊಡನೆ ಪೂರ್ಣನಾದವು ಮತ್ತೆ ಮೇಲೆ ಬೀಳುತ್ತದೆ. ಭಾರವಾದ ಗಾನವೆಂದು ಹೆಸರಾದ ಈ ಹಾಡಿನ ಭಾರವು ಹೆಚ್ಚಾಗಿ ಅದರ ಮೌನಗಳಿಂದ ಬಂದದ್ದು.

ಮಾತಿನ ವಿಷಯದಲ್ಲಿ ನಿಷ್ಪಕ್ಷಪಾತವಾಗಿರಬೇಕು. ಕಾಗದದ ಮೇಲೆ ಬರೆದು ಓದಿದರೆ ಇದು ಎಳಸಾದ ರಚನೆ. ಎದುರಿಗೆ ನಿಂತಿರುವುದೇನೆಂಬ ಪ್ರಶ್ನೆ, ಓಡುವ ಯತ್ನ, ದೇವರಿಗೆ ಮೊರೆ. ಇಷ್ಟೇ ಅದರ ವಸ್ತು. ಅಲಂಕಾರವಿಲ್ಲ, ಶಬ್ದದ ಬೆಡಗಿಲ್ಲ. ಆದರೆ ನಿಜವಾಗಿ ಹೆದರಿದವನು ಉಪಮೆಯನ್ನು ಹುಡುಕುತ್ತಾನೆಯೇ? ಆಸ್ಬೋರ್ನನ ಕಂಠವೂ ಹಾಗೆಯೇ. ಎತ್ತರದ, ಬೋಳಾದ, ಗಮಕವಿಲ್ಲದ ಕಂಠ. ಆ ಬೋಳುತನವೇ ಆ ಮಾತುಗಳನ್ನು ನಂಬಿಸುತ್ತದೆ. ಈ ಹಾಡು ಸೈತಾನನ ಪೂಜೆಯೆಂಬ ಅಪವಾದವು ಬಹುಕಾಲ ನಡೆದು ಬಂದಿತು. ಈಗಲೂ ಕೆಲವು ಮನೆಗಳಲ್ಲಿ ಆ ಅಳುಕಿದೆ. ಹಾಡಿನಲ್ಲಿ ಸೈತಾನನು ಬರುವುದು ನಿಜ. ಹಾಡುವವನು ಅವನ ಭಕ್ತನಾಗಿಲ್ಲ, ಅವನಿಗೆ ಸಿಕ್ಕಿಬಿದ್ದವನಾಗಿದ್ದಾನೆ. ಅವನು ಕರೆಯುವುದು ದೇವರನ್ನೇ. ರಾವಣನ ಪಾತ್ರವಿದ್ದ ಮಾತ್ರಕ್ಕೆ ನಾಟಕವು ರಾವಣಪೂಜೆಯಾಗದೆಂಬುದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಂಠವನ್ನು ಕುರಿತ ನಮ್ಮ ಮಾತಿಗೆ ಒಂದು ಪರೀಕ್ಷೆಯೂ ದೊರೆತಿದೆ. ೧೯೭೯ರಲ್ಲಿ ಆಸ್ಬೋರ್ನನನ್ನು ತಂಡದಿಂದ ತೆಗೆದರು. ಅವನ ಸ್ಥಾನಕ್ಕೆ ರಾನಿ ಜೇಮ್ಸ್ ಡಿಯೋ ಎಂಬ ಅಮೆರಿಕದ ಗಾಯಕನು ಬಂದನು. ೧೯೮೨ರ ಪ್ರವಾಸದಲ್ಲಿ ಮುದ್ರಿತವಾದ ‘ಲೈವ್ ಈವಿಲ್’ ಎಂಬ ಸಂಪುಟದಲ್ಲಿ ಡಿಯೋ ಹಾಡಿದ ಈ ಹಾಡಿದೆ. ಡಿಯೋ ಮೇಲಾದ ಗಾಯಕ. ಅವನ ದನಿಯ ತುಂಬು, ಹಿಡಿತ, ಏರಿಳಿತಗಳು ಆಸ್ಬೋರ್ನನಿಗೆ ಎಂದೂ ಇರಲಿಲ್ಲ. ಆದರೂ ಹಾಡು ಮೇಲಾಗಲಿಲ್ಲ. ಡಿಯೋ ಭಯದ ಕಥೆಯನ್ನು ಸಭೆಗೆ ಹೇಳುತ್ತಾನೆ, ಸೊಗಸಾಗಿಯೇ ಹೇಳುತ್ತಾನೆ, ಆಸ್ಬೋರ್ನನು ಹೆದರುತ್ತಾನೆ. ಭಾಗವೊಂದನ್ನು ತೆಗೆದು ಅದಕ್ಕಿಂತ ಉತ್ತಮವಾದುದನ್ನು ಇಟ್ಟರೂ ಇಡಿಯು ಕುಂದುವುದಾದರೆ, ಆ ಭಾಗದ ಗುಣವು ಅದರೊಳಗೇ ಇರಲಿಲ್ಲ, ಇತರ ಭಾಗಗಳೊಡನೆ ಅದಕ್ಕಿದ್ದ ಸಂಬಂಧದಲ್ಲಿತ್ತು ಎಂದೇ ತಿಳಿಯಬೇಕು.

ದೋಷಗಳನ್ನೂ ಹೇಳದೆ ಬಿಡಬಾರದು. ಈ ಹಾಡು ಸೇರಿದ ಮೊದಲ ಸಂಪುಟವು ೧೯೬೯ರ ಅಕ್ಟೋಬರಿನಲ್ಲಿ ಲಂಡನ್ನಿನ ರೀಜೆಂಟ್ ಸೌಂಡ್ ಎಂಬಲ್ಲಿ, ರಾಡ್ಜರ್ ಬೇನ್ ಎಂಬಾತನ ಮೇಲ್ವಿಚಾರಣೆಯಲ್ಲಿ, ಒಂದೇ ದಿನದಲ್ಲಿ ಮುದ್ರಿತವಾಯಿತು. ಹಾಡಿನ ಆರಂಭದಲ್ಲಿ ಕೇಳುವ ಮಳೆ, ಗುಡುಗು, ಗಂಟೆಯ ಸದ್ದುಗಳು ಆಮೇಲೆ ಸೇರಿಸಿದುವು. ಆಲಂಕಾರಿಕರ ಮಾತಿನಲ್ಲಿ ಇವು ಉದ್ದೀಪನ ವಿಭಾವಗಳು. ಅವು ಭಾವಕ್ಕೆ ವಿರೋಧವಾಗಿಲ್ಲ, ಆದರೆ ಮೂರು ಸ್ವರಗಳಿಗೆ ಆ ಊರುಗೋಲು ಬೇಕಾಗಿರಲಿಲ್ಲ. ಎರಡನೆಯ ದೋಷ ಇದಕ್ಕಿಂತ ದೊಡ್ಡದು. ಆರು ನಿಮಿಷಗಳಿಗೆ ಮೀರಿದ ಈ ಹಾಡಿನಲ್ಲಿ ಕೊನೆಯ ಭಾಗವು ಒಮ್ಮೆಲೆ ವೇಗವಾಗುತ್ತದೆ. ಗಿಟಾರು ತನ್ನ ಕುಶಲತೆಯನ್ನು ಮೆರೆಯುತ್ತದೆ. ಓಡಲಾರದವನು ಕೊನೆಗೆ ಓಡಿದನೆಂದು ಇದನ್ನು ಸಮರ್ಥಿಸಬಹುದು. ನಮಗೆ ಮಾತ್ರ ಅಲ್ಲಿ ಭಯಾನಕವು ಸಡಿಲವಾಗಿ ಬರಿಯ ಉತ್ಸಾಹವು ತಲೆಯೆತ್ತಿದಂತೆ ತೋರುತ್ತದೆ. ನಾಲ್ವರೂ ತಮ್ಮನ್ನು ಹಿಡಿದುಕೊಂಡಿದ್ದಷ್ಟು ಹೊತ್ತು ಹಾಡು ದೊಡ್ಡದಾಗಿತ್ತು. ಒಬ್ಬನು ಮುಂದೆ ಬಂದೊಡನೆ ಅದು ಒಂದು ಮೆಟ್ಟಿಲು ಇಳಿಯಿತು.

೧೯೭೦ರ ಫೆಬ್ರವರಿ ೧೩ರಂದು ಸಂಪುಟವು ಹೊರಬಂದಾಗ ವಿಮರ್ಶಕರಲ್ಲಿ ಹಲವರು ಅದನ್ನು ಹಳಿದರು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆಯಲ್ಲಿ ಲೆಸ್ಟರ್ ಬ್ಯಾಂಗ್ಸನು ಕಟುವಾಗಿಯೇ ಬರೆದನು. ಜನ ಕೊಂಡುಕೊಂಡರು, ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಅದು ಎಂಟನೆಯ ಸ್ಥಾನಕ್ಕೇರಿತು. ಜನಕ್ಕೆ ತಿಳಿದದ್ದು ಬಲ್ಲವರಿಗೆ ಏಕೆ ತಿಳಿಯಲಿಲ್ಲ? ಬಲ್ಲವರು ಕವಿತೆಯನ್ನು ಕವಿತೆಯ ತಕ್ಕಡಿಯಲ್ಲಿ, ಕಂಠವನ್ನು ಕಂಠದ ತಕ್ಕಡಿಯಲ್ಲಿ, ವಾದನವನ್ನು ವಾದನದ ತಕ್ಕಡಿಯಲ್ಲಿ ಬೇರೆ ಬೇರೆಯಾಗಿ ತೂಗಿದರೆಂದು ನಮ್ಮ ಊಹೆ. ಹಾಗೆ ತೂಗಿದರೆ ಪ್ರತಿಯೊಂದೂ ಕಡಿಮೆಯೇ ಬರುತ್ತದೆ. ಕಥೆ ಕೇಳಿ ಹೆದರಿದ್ದ ಮಗುವಿನ ಕಿವಿಯಿಂದ ಕೇಳಿದವರಿಗೆ ಹಾಡು ಇಡಿಯಾಗಿ ಸಿಕ್ಕಿತು.

೨೦೨೫ರ ಜುಲೈ ೫ರಂದು ಈ ನಾಲ್ವರೂ ತಮ್ಮ ಊರಾದ ಆಸ್ಟನ್ನಿನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಕಡೆಯ ಬಾರಿ ಒಟ್ಟುಗೂಡಿದರು. ನಿಲ್ಲಲಾರದ ಆಸ್ಬೋರ್ನನು ಕುಳಿತೇ ಹಾಡಿದನು. ಅದೇ ತಿಂಗಳು ೨೨ರಂದು ಆತನು ತೀರಿಕೊಂಡನು. ಇನ್ನು ಆ ಮೂರು ಸ್ವರಗಳನ್ನು ಬಲ್ಲವರು ಎಷ್ಟೋ ಜನ ನುಡಿಸಬಹುದು, ನುಡಿಸುತ್ತಲೂ ಇದ್ದಾರೆ. ಬೆರಳ ತುದಿಯಿಲ್ಲದ ಒಂದು ಕೈ, ಹಗಲು ಲೆಕ್ಕ ಬರೆದು ರಾತ್ರಿ ಬೆಚ್ಚಿದ ಒಂದು ಮನಸ್ಸು, ಸುಮ್ಮನಿರುವುದನ್ನು ಕಲಿತ ಒಂದು ಡ್ರಮ್ಮು, ಗಮಕವರಿಯದ ಒಂದು ಕಂಠ: ಇವುಗಳಲ್ಲಿ ಯಾವುದನ್ನು ಕರ್ತೃವೆನ್ನೋಣ? ಕರ್ತೃವಿನ ಹೆಸರು ತಿಳಿಯದೆ ಕೃತಿಯನ್ನು ಮುಟ್ಟಲು ಅಂಜುವ ನಮ್ಮ ವಿಮರ್ಶೆಯು ಈ ಹಾಡಿನಿಂದ ಕಲಿಯಬಹುದಾದದ್ದು ಒಂದುಂಟು. ಯಾರ ಪಾಲು ಎಷ್ಟೆಂದು ಕೇಳುವುದಕ್ಕೆ ಮೊದಲು, ಪಾಲುಗಳು ಹೇಗೆ ಕೂಡಿದುವೆಂದು ಕೇಳಬೇಕು. ಮುಂದಿನ ಸಲ ಮಗನ ಕೋಣೆಯಿಂದ ಆ ಗಂಟೆಯ ಸದ್ದು ಕೇಳಿಬಂದರೆ ಬಾಗಿಲು ಮುಚ್ಚುವ ಮುನ್ನ ಆರು ನಿಮಿಷ ನಿಂತು ಕೇಳಬೇಕೆಂದು ವಾಚಕರಲ್ಲಿ ನಮ್ಮ ಬಿನ್ನಹ.